‘ನನಗೆ ನೋವಾಗಿದೆ’ ಅಂತ ಯಾರು ಬರೆಯಬೇಕು?

ಓದುಗರ ಪತ್ರ:
ನಾನು ಶಿರಸಿ ಹತ್ತಿರದ ಹಳ್ಳಿಯವಳು. ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ನಮ್ಮ ಸಿಇಒ ಹೆಸರಿನಲ್ಲಿ ತಿಂಗಳಿಗೊಂದು ಬ್ಲಾಗ್ ಬರೆಯುವುದೂ ನನ್ನ ಕೆಲಸ. ಎರಡು ವರ್ಷದಿಂದ ಬರೆಯುತ್ತಿದ್ದೇನೆ. ಅವರು ಓದಿ ನೋಡುವುದೇ ಕಡಿಮೆ. ಅವರೂ ಹೊನ್ನಾವರ ಕಡೆಯವರು, ಫೋನಿನಲ್ಲಿ ಎಷ್ಟು ಚೆಂದ ಮಾತಾಡುತ್ತಾರೆ! ಬ್ಲಾಗಿನಲ್ಲಿ ಅದೊಂದೂ ಇರುವುದಿಲ್ಲ. ಈ ತಿಂಗಳು ಒಂದು ಘಟಕ ಮುಚ್ಚುತ್ತಿದ್ದಾರೆ. ಸುಮಾರು 40 ಜನರ ಕೆಲಸ ಹೋಗುತ್ತದೆ. ‘ನನಗೆ ತುಂಬಾ ನೋವಾಗಿದೆ ಅಂತ ಮನಸ್ಸಿಗೆ ತಟ್ಟುವ ಹಾಗೆ ಬರಿ’ ಎಂದು ಹೇಳಿಕಳಿಸಿದ್ದಾರೆ. ಅಪ್ಪಯ್ಯನ ಹತ್ತಿರ ಹೇಳಿದೆ. ‘ನೋವು ಅವರದ್ದೋ, ನಿನ್ನದೋ?’ ಎಂದು ಕೇಳಿದರು. ಕಂಪನಿ ನಡೆಸುವವರು ತಮ್ಮ ಬ್ಲಾಗನ್ನು ತಾವೇ ಬರೆಯಬೇಕಾ? ಇದೂ ಒಂದು ಕೆಲಸ ಅಂತ ನಾನು ಸುಮ್ಮನಿರಬೇಕಾ?

ಸಂಪಾದಕರ ಉತ್ತರ:
ನಿಮ್ಮ ಪತ್ರವನ್ನು ಮೂರು ದಿನ ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ಅಪ್ಪಯ್ಯ ಕೇಳಿದ ಪ್ರಶ್ನೆಯನ್ನು ನನ್ನನ್ನೂ ಒಬ್ಬರು ಕೇಳಬಹುದಿತ್ತು, ಕೇಳಲಿಲ್ಲ. ಮೊದಲು ಅದನ್ನೇ ಹೇಳುತ್ತೇನೆ.

ಪತ್ರಿಕೆಗೆ ಬರುವ ಮೊದಲು ಕುಮಟಾದ ಒಂದು ಪ್ರೆಸ್ಸಿನಲ್ಲಿದ್ದೆ. ಅಚ್ಚಿನ ಮೊಳೆ ಜೋಡಿಸುವ ಕಾಲ. ಘಟ್ಟದ ಮೇಲಿನ ಒಂದು ಸಹಕಾರಿ ಸಂಘದ ವಾರ್ಷಿಕ ವರದಿ ಅಚ್ಚಿಗೆ ಬಂದಿತ್ತು. ಜಮಾಖರ್ಚು ಇತ್ತು, ಅಡಾವೆ ಪತ್ರಿಕೆ ಇತ್ತು. ‘ಅಧ್ಯಕ್ಷರ ಮಾತು’ ಮಾತ್ರ ಇರಲಿಲ್ಲ. ‘ನೀನೇ ಏನಾದರೂ ಬರೆದು ಹಾಕು’ ಎಂದರು. ಆ ವರ್ಷ ಮಳೆ ಬಿಡದೆ ಹೊಡೆದಿತ್ತು. ಕೊಳೆರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಹೊಡೆಯೋಣ ಅಂದರೆ ಎರಡು ತಾಸು ಬಿಸಿಲಿಲ್ಲ. ಕೊಳೆ ಬಂದು ಎಳೆ ಅಡಿಕೆ ಉದುರಿ ತೋಟದ ತುಂಬ ಹಾಸಿತ್ತು. ನಾನು ಹುಮ್ಮಸ್ಸಿನಲ್ಲಿ ಬರೆದೆ: ‘ನಿಮ್ಮ ತೋಟದಲ್ಲಿ ಉದುರಿದ ಒಂದೊಂದು ಕಾಯಿಯೂ ನನ್ನ ಎದೆಯ ಮೇಲೆ ಬಿದ್ದ ಹಾಗಾಗಿದೆ.’ ಆ ಸಾಲಿನ ಬಗ್ಗೆ ಹೆಮ್ಮೆಯೂ ಇತ್ತು.

ಸರ್ವಸಾಧಾರಣ ಸಭೆಯ ದಿನ ವರದಿಯ ಕಟ್ಟು ಹೊತ್ತುಕೊಂಡು ನಾನೇ ಹೋಗಿದ್ದೆ. ವಯಸ್ಸಾದ ಒಬ್ಬರು ಎದ್ದು ನಿಂತು ಆ ಸಾಲನ್ನು ಗಟ್ಟಿಯಾಗಿ ಓದಿದರು. ‘ಅಧ್ಯಕ್ಷರೇ, ಯಾರ ತೋಟಕ್ಕೆ ಬಂದಿದ್ರಿ?’ ಎಂದು ಕೇಳಿದರು. ಕೊಂಕಿಲ್ಲ, ಸಿಟ್ಟಿಲ್ಲ. ಅವರಿಗೆ ತಿಳಿಯಬೇಕಿತ್ತು, ಅಷ್ಟೇ. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಆ ಸಾಲು ಯಾವ ಪುಟದಲ್ಲಿದೆ ಎಂದು ಹುಡುಕತೊಡಗಿದರು. ಪುಟ ತಿರುವಿದರು, ಮತ್ತೆ ಹಿಂದಕ್ಕೆ ತಿರುವಿದರು. ಸಭೆ ಪೂರ್ತಿ ಅದನ್ನು ನೋಡುತ್ತಿತ್ತು. ನನ್ನ ಹೆಬ್ಬೆರಳಿನಲ್ಲಿ ಇನ್ನೂ ಮಸಿ ಇತ್ತು. ಕೈಯನ್ನು ಕಿಸೆಯೊಳಗೆ ಇಟ್ಟುಕೊಂಡೆ.

ಅಧ್ಯಕ್ಷರು ಕೆಟ್ಟವರಲ್ಲ. ಅವರಿಗೂ ತೋಟ ಇತ್ತು, ಅವರ ಕಾಯಿಯೂ ಉದುರಿತ್ತು. ಅದನ್ನೇ ಎರಡು ಸಾಲಿನಲ್ಲಿ ಹೇಳಿದ್ದರೆ ಸಭೆ ಒಪ್ಪುತ್ತಿತ್ತು. ಅವರ ನಿಜವಾದ ನಷ್ಟದ ಮೇಲೆ ನಾನು ನನ್ನ ಬಣ್ಣದ ಮಾತು ಹಾಸಿ ಮುಚ್ಚಿಬಿಟ್ಟಿದ್ದೆ. ಇಂದಿಗೂ ನನ್ನನ್ನು ಚುಚ್ಚುವುದು ಅದು.

ಈಗ ನಿಮ್ಮ ಪ್ರಶ್ನೆ. ಸಿಇಒ ತಾವೇ ಬರೆಯಬೇಕಾ? ‘ನಾನು’ ಎಂದು ಶುರುವಾಗುವ ಬರಹವಾದರೆ ಹೌದು, ಅದರೊಳಗಿನ ಮಾತು ಅವರದ್ದೇ ಆಗಿರಬೇಕು. ಆದರೆ ಅವರೇ ಟೈಪ್ ಮಾಡಬೇಕು, ಕಾಗುಣಿತ ಅವರೇ ತಿದ್ದಬೇಕು ಅಂತ ನಾನು ಹೇಳುವುದಿಲ್ಲ. ಬರೆಯುವುದು ಬೇರೆ, ಬರೆದುಕೊಳ್ಳುವುದು ಬೇರೆ.

ಮ್ಯಾರಿಯಟ್ ಹೋಟೆಲುಗಳ ಮುಖ್ಯಸ್ಥರಾಗಿದ್ದ ಬಿಲ್ ಮ್ಯಾರಿಯಟ್ 2007ರಲ್ಲಿ ಬ್ಲಾಗ್ ಶುರು ಮಾಡಿದಾಗ ಎಪ್ಪತ್ತು ದಾಟಿದ್ದರು. ಕಂಪ್ಯೂಟರ್ ಮುಂದೆ ಕೂರುವವರಲ್ಲ. ಅವರು ಬಾಯಲ್ಲಿ ಹೇಳುತ್ತಿದ್ದರು, ಸಿಬ್ಬಂದಿ ಅದನ್ನು ಅಕ್ಷರಕ್ಕೆ ಇಳಿಸುತ್ತಿದ್ದರು. ಅಮೆರಿಕದ ಹೂಡಿಕೆದಾರ ವಾರೆನ್ ಬಫೆಟ್ ತಮ್ಮ ಕಂಪನಿಯ ಷೇರುದಾರರಿಗೆ ಬರೆಯುತ್ತಿದ್ದ ವಾರ್ಷಿಕ ಪತ್ರಗಳ ಹೆಸರು ಕೇಳಿರುತ್ತೀರಿ. ಅವನ್ನು 1977ರಿಂದ ಎಷ್ಟೋ ವರ್ಷ ಕ್ಯಾರೊಲ್ ಲೂಮಿಸ್ ಎಂಬ ಪತ್ರಕರ್ತೆ ತಿದ್ದಿಕೊಡುತ್ತಿದ್ದರು. ಬಫೆಟ್ ಬರೆಯಲು ಕೂತಾಗ ತಮ್ಮ ಇಬ್ಬರು ಸೋದರಿಯರನ್ನು ನೆನೆಸಿಕೊಳ್ಳುತ್ತಿದ್ದರಂತೆ. ಅವರಿಗೆ ಬುದ್ಧಿ ಇದೆ, ಕಂಪನಿಯಲ್ಲಿ ಹಣವೂ ಇದೆ, ಆದರೆ ಲೆಕ್ಕಪತ್ರದ ಭಾಷೆ ಗೊತ್ತಿಲ್ಲ. ಅಂಥವರಿಗೆ ಅರ್ಥವಾಗುವ ಹಾಗೆ ಬರೆಯಬೇಕು ಅನ್ನುವುದು ಬಫೆಟ್ ಲೆಕ್ಕ. ತಿದ್ದುವವರು ಇನ್ನೊಬ್ಬರಿದ್ದರೂ ಮಾತು ಅವರದ್ದಾಗಿ ಉಳಿಯಿತು. ನಿಮ್ಮ ಕೆಲಸಕ್ಕೆ ಬೆಲೆ ಇರುವುದೂ ಅಲ್ಲೇ, ತಂಗಿ. ತಿದ್ದಿ ಕೊಡುವುದು ಸಣ್ಣ ಕೆಲಸವಲ್ಲ. ಈ ಪತ್ರಿಕೆಯಲ್ಲಿ ನಾನು ದಿನಾ ಮಾಡುವುದು ಅದನ್ನೇ.

‘ಅವರಿಗೆ ಟೈಮ್ ಎಲ್ಲಿದೆ?’ ಎಂದು ನಿಮ್ಮ ಕಚೇರಿಯಲ್ಲಿ ಹೇಳುತ್ತಾರೆ ಅಲ್ವಾ? ಸರಿ, ತಿಂಗಳಿಗೊಂದು ಬೇಡ. ಹೇಳಲು ಏನಾದರೂ ಇದ್ದಾಗ ಬರೆಯಲಿ. ವರ್ಷಕ್ಕೆ ಮೂರೇ ಆದರೂ ಸಾಕು. ಕ್ಯಾಲೆಂಡರ್ ನೋಡಿ ತುಂಬಿಸುವ ಬರಹ ಯಾರಿಗೂ ಬೇಕಾಗಿರುವುದಿಲ್ಲ. ಈಗಂತೂ ಚಾಟ್‌ಜಿಪಿಟಿಗೆ ಹೇಳಿದರೆ ಒಂದು ನಿಮಿಷಕ್ಕೆ ಅಂಥದ್ದು ಹತ್ತು ಸಿಗುತ್ತದೆ. ಓದುವವರಿಗೂ ಅದು ಗೊತ್ತು.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಸಿಇಒ ತಾವೇ ಬರೆದರೆ ಬಾಯಿ ತಪ್ಪಿ ಏನಾದರೂ ಬಂದುಬಿಡುತ್ತದೆ ಎನ್ನುವ ಭಯ. ಭಯ ಸುಳ್ಳಲ್ಲ. 2018ರ ಆಗಸ್ಟಿನಲ್ಲಿ ಎಲಾನ್ ಮಸ್ಕ್ ಟೆಸ್ಲಾ ಷೇರಿನ ಬಗ್ಗೆ ಹಾಕಿದ ಒಂದು ಟ್ವೀಟಿಗೆ ಅವರೂ ಕಂಪನಿಯೂ ತಲಾ 2 ಕೋಟಿ ಡಾಲರ್ ದಂಡ ಕಟ್ಟಬೇಕಾಯಿತು. ಅವರು ಅಧ್ಯಕ್ಷ ಸ್ಥಾನವನ್ನೂ ಬಿಡಬೇಕಾಯಿತು. ನಮ್ಮಲ್ಲೂ ಷೇರುಪೇಟೆಯಲ್ಲಿರುವ ಕಂಪನಿ ಷೇರಿನ ಬೆಲೆಗೆ ತಾಗುವ ವಿಷಯವನ್ನು ಮೊದಲು ಷೇರುಪೇಟೆಗೆ ತಿಳಿಸಬೇಕು, ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿಯ ನಿಯಮ ಅದು. ಹಾಗಾಗಿ ವಕೀಲರು ಒಮ್ಮೆ ನೋಡಲಿ. ಹೇಳಬಾರದ್ದನ್ನು ಹೊಡೆದು ಹಾಕಲಿ. ಆದರೆ ಹೇಳಬೇಕಾದ್ದನ್ನು ವಕೀಲರು ಬರೆಯುವುದು ಬೇಡ.

ತಾವೇ ಬರೆದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ. ಹೋಲ್ ಫುಡ್ಸ್ ಎಂಬ ಅಮೆರಿಕದ ದಿನಸಿ ಕಂಪನಿಯ ಸಿಇಒ ಆಗಿದ್ದ ಜಾನ್ ಮ್ಯಾಕಿ ವರ್ಷಗಟ್ಟಲೆ ಅಂತರ್ಜಾಲದಲ್ಲಿ ಸುಳ್ಳು ಹೆಸರಿಟ್ಟುಕೊಂಡು ತಮ್ಮ ಕಂಪನಿಯನ್ನು ಹೊಗಳಿ, ವೈಲ್ಡ್ ಓಟ್ಸ್ ಎಂಬ ಎದುರಾಳಿ ಕಂಪನಿಯನ್ನು ತೆಗಳಿ ಬರೆದಿದ್ದರು. ಆ ಕಂಪನಿಯನ್ನೇ ಕೊಳ್ಳಲು ಹೊರಟಾಗ, 2007ರಲ್ಲಿ, ವಿಷಯ ಹೊರಬಿತ್ತು. ಅಲ್ಲಿ ಕೈ ಅವರದ್ದು, ಹೆಸರು ಅವರದ್ದಲ್ಲ. ನಿಮ್ಮ ಕಂಪನಿಯಲ್ಲಿ ಹೆಸರು ಅವರದ್ದು, ಕೈ ಅವರದ್ದಲ್ಲ. ಎರಡರಲ್ಲೂ ಓದುವವರಿಗೆ ತಾವು ಯಾರ ಮಾತು ಕೇಳುತ್ತಿದ್ದೇವೆ ಅನ್ನುವುದು ಗೊತ್ತಾಗುವುದಿಲ್ಲ.

ಬ್ಲಾಗ್ ಚೆನ್ನಾಗಿದ್ದರೆ ಕಂಪನಿ ಉಳಿಯುತ್ತದೆ ಅಂತಲೂ ಭಾವಿಸಬೇಡಿ. ಸನ್ ಮೈಕ್ರೋಸಿಸ್ಟಮ್ಸ್ ಎಂಬ ಕಂಪ್ಯೂಟರ್ ಕಂಪನಿಯ ಜೊನಾಥನ್ ಶ್ವಾರ್ಟ್ಜ್ 2004ರಿಂದ ಬರೆಯುತ್ತಿದ್ದರು. ದೊಡ್ಡ ಕಂಪನಿಯ ಮೇಲಿನವರಲ್ಲಿ ಬ್ಲಾಗಿಗೆ ಮೊದಮೊದಲು ಕೈ ಹಾಕಿದವರಲ್ಲಿ ಅವರೊಬ್ಬರು. ಆದರೂ 2010ರಲ್ಲಿ ಸನ್ ಕಂಪನಿ ಒರಾಕಲ್ ಎಂಬ ಇನ್ನೊಂದು ಕಂಪನಿಯ ಪಾಲಾಯಿತು. ಬರಹದಿಂದ ಮಾರಾಟ ಜಾಸ್ತಿ ಆಗುತ್ತದೋ ಇಲ್ಲವೋ, ನನಗೆ ಮುಖ್ಯವಾದದ್ದು ಅದಲ್ಲ. ಒಬ್ಬ ಮುಖ್ಯಸ್ಥ ಕೂತು, ‘ಈ ಘಟಕ ಯಾಕೆ ಮುಚ್ಚುತ್ತಿದ್ದೇನೆ’ ಎಂದು ತನ್ನ ಕೈಯಾರೆ ಬರೆಯಲು ಶುರು ಮಾಡಿದರೆ ಮೂರನೇ ಸಾಲಿಗೆ ಬರುವಾಗ ತಡವರಿಸುತ್ತಾನೆ. ಕಾರಣ ಸರಿ ಇದೆಯಾ, ಬೇರೆ ದಾರಿ ಇತ್ತಾ, ಜನರಿಗೆ ಮೊದಲೇ ಹೇಳಬೇಕಿತ್ತಾ, ಇವೆಲ್ಲ ಅಲ್ಲಿ ಎದುರಿಗೆ ಬಂದು ನಿಲ್ಲುತ್ತವೆ. ನೀವು ಬರೆದುಕೊಟ್ಟರೆ ಆ ತಡವರಿಕೆ ನಿಮ್ಮದಾಗುತ್ತದೆ. ಅವರು ತಪ್ಪಿಸಿಕೊಳ್ಳುತ್ತಾರೆ.

ನಮ್ಮ ಜಿಲ್ಲೆಯದ್ದೇ ಇನ್ನೊಂದು ಕಾಗದದ ವಿಷಯ ಹೇಳಬೇಕು. ಒಂದು ಸಣ್ಣ ಸಂಘ. ಒಂದು ವರ್ಷ ಅಡಿಕೆ ಹಾಕಿದ ಸದಸ್ಯರಿಗೆ ಹಣ ಕೊಡಲು ಆಗಲಿಲ್ಲ. ಅಲ್ಲಿನ ಕಾರ್ಯದರ್ಶಿ ಒಂದು ಹಾಳೆಯಲ್ಲಿ ಕೈಯಾರೆ ಬರೆದು, ಪ್ರತಿ ತೆಗೆಸಿ, ಮನೆಮನೆಗೆ ಕಳಿಸಿದ್ದರು. ಎಷ್ಟೋ ವರ್ಷದ ಮೇಲೆ ಸಿದ್ದಾಪುರ ಹತ್ತಿರದ ಒಂದು ಮನೆಯಲ್ಲಿ ಅದನ್ನು ನೋಡಿದೆ. ಪಾಸ್‌ಬುಕ್ಕಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಇಟ್ಟಿದ್ದರು. ಮೂರು ಕಡೆ ಹೊಡೆದು ಹಾಕಿದ ಗುರುತು. ಒಂದು ಕಡೆ ‘ಸ್ವಲ್ಪ ತಡ’ ಎಂದು ಬರೆದು, ‘ಸ್ವಲ್ಪ’ ಹೊಡೆದು ಹಾಕಿದ್ದರು. ಲೆಕ್ಕ ತಪ್ಪಿದ್ದು ನನ್ನಿಂದ, ಶಿವರಾತ್ರಿಯೊಳಗೆ ಅರ್ಧ ಕೊಡುತ್ತೇನೆ, ಯುಗಾದಿಯೊಳಗೆ ಉಳಿದದ್ದು, ಎಂದಿತ್ತು. ವ್ಯಾಕರಣ ಅಲ್ಲಲ್ಲಿ ತಪ್ಪಿತ್ತು. ‘ಹಣ ಬಂತಾ?’ ಎಂದು ಕೇಳಿದೆ. ‘ಯುಗಾದಿ ದಾಟಿ ಹದಿನೈದು ದಿನಕ್ಕೆ ಬಂತು’ ಎಂದರು ಮನೆಯವರು. ಹಣ ಕೈಸೇರಿದ ಮೇಲೂ ಕಾಗದ ಇಟ್ಟುಕೊಂಡಿದ್ದಾರೆ ನೋಡಿ. ಆ ಹೊಡೆದು ಹಾಕಿದ ‘ಸ್ವಲ್ಪ’ವನ್ನು ಬಾಡಿಗೆಗೆ ಬರೆಯುವ ಯಾರಿಂದಲೂ ತರಲು ಆಗುವುದಿಲ್ಲ. ನನ್ನಿಂದಲೂ ಆಗುತ್ತಿರಲಿಲ್ಲ.

ಕೆಲಸ ಬಿಡಿ ಅಂತ ನಾನು ಹೇಳುವುದಿಲ್ಲ. ಊರಲ್ಲಿ ಕೂತು ಮಾಡುವ ಕೆಲಸ, ಅಪ್ಪಯ್ಯನ ಹತ್ತಿರ ಇರುವ ಅನುಕೂಲ, ಸುಮ್ನೆ ಬಿಡುವಂಥದ್ದಲ್ಲ. ಬರೆಯುವ ರೀತಿ ಬದಲಿಸಿ. ನಿಮ್ಮ ಸಿಇಒಗೆ ಫೋನ್ ಮಾಡಿ, ಇಪ್ಪತ್ತು ನಿಮಿಷ ಕೇಳಿ. ಕನ್ನಡದಲ್ಲೇ ಮಾತಾಡಲಿ, ಹೊನ್ನಾವರದ ಕನ್ನಡದಲ್ಲೇ. ಅವರಿಗೆ ಹೇಳಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಬೇಕಾದರೆ ಇಂಗ್ಲಿಷಿಗೆ ತನ್ನಿ. ಅವರು ಹೇಳದ ಒಂದು ಭಾವನೆಯನ್ನೂ ಸೇರಿಸಬೇಡಿ. ಬರೆದದ್ದನ್ನು ಫೋನಿನಲ್ಲೇ ಓದಿ ಹೇಳಿ. ಅವರು ‘ಹೌದು, ಇದು ನಾನು ಹೇಳಿದ್ದು’ ಅಂದ ಮೇಲೆ ಕಳಿಸಿ. ಎರಡು ವರ್ಷದಲ್ಲಿ ಅವರಿಗೆ ಇಷ್ಟು ಹೇಳುವ ಸಲುಗೆ ನಿಮಗೆ ಬಂದಿರುತ್ತದೆ ಎಂದುಕೊಳ್ಳುತ್ತೇನೆ.

ಘಟಕ ಮುಚ್ಚುವ ಬಗ್ಗೆ ಮಾತ್ರ ಇಷ್ಟೂ ಸಾಲದು. ಅದನ್ನು ಅವರೇ ಬರೆಯಲಿ, ತಪ್ಪುತಪ್ಪಾಗಿಯಾದರೂ. ಅದಕ್ಕಿಂತ ಮೊದಲು ಆ 40 ಜನರ ಎದುರು ಹೋಗಿ ಬಾಯಲ್ಲಿ ಹೇಳಲಿ. ‘ಸರ್, ಇದೊಂದು ನನ್ನಿಂದ ಆಗುವುದಿಲ್ಲ, ನಿಮ್ಮ ಮಾತೇ ಬೇಕು’ ಎಂದು ನೇರ ಹೇಳಿಬಿಡಿ. ಒಪ್ಪಲಿಲ್ಲವಾ? ಹಾಗಾದರೆ ಅವರ ಹೆಸರು ಬೇಡ, ಕಂಪನಿಯ ಹೆಸರಿನಲ್ಲೇ ಒಂದು ಪ್ರಕಟಣೆ ಬರೆದುಕೊಡಿ. ಘಟಕ ಯಾವ ತಾರೀಕಿಗೆ ಮುಚ್ಚುತ್ತದೆ, ಎಷ್ಟು ತಿಂಗಳ ಸಂಬಳ ಸಿಗುತ್ತದೆ, ಪಿಎಫ್ ಮತ್ತು ಗ್ರಾಚುಯಿಟಿಗೆ ಯಾರನ್ನು ಕೇಳಬೇಕು, ಅವರ ಫೋನ್ ನಂಬರ್ ಯಾವುದು. ಆ ಮನೆಗಳಲ್ಲಿ ಅವತ್ತು ರಾತ್ರಿ ಬೇಕಾಗುವುದು ಇವೇ. ಇದನ್ನು ನೀವು ಸ್ವಚ್ಛವಾಗಿ, ಒಂದು ಅಂಕೆಯೂ ತಪ್ಪದ ಹಾಗೆ ಬರೆಯಿರಿ. ‘ನನಗೆ ನೋವಾಗಿದೆ’ ಅನ್ನುವ ಸಾಲಿನ ಜಾಗವನ್ನು ಖಾಲಿ ಬಿಡಿ.