ಗ್ರಾನೈಟ್ ಮೆಟ್ಟಿಲಲ್ಲಿ ಅಮ್ಮ ಬೀಳುತ್ತಾರೆ, ಜಾರದಿರುವ ಟೇಪ್ ಅಂಟಿಸಿದರೆ ಸಾಕಾ?

ಅಂಟಿಸಿ, ಆದರೆ ಅದೊಂದನ್ನೇ ನಂಬಬೇಡಿ. ತಾರಸಿಯಿಂದ ಇಳಿಯುವಾಗ ಎರಡು ಸಲವೂ ಕೊನೆಯ ಮೆಟ್ಟಿಲ ಹತ್ತಿರವೇ ಬಿದ್ದರು ಅಂತ ಬರೆದಿದ್ದೀರಿ. ನಾನು ಮನೆ ಕಟ್ಟಿಸುವ ಕೆಲಸದಲ್ಲಿದ್ದೇನೆ, ಹಾಗಾಗಿ ನನ್ನ ಅನುಮಾನ ಬೇರೆ ಕಡೆ ಹೋಗುತ್ತದೆ.

ಮೊದಲು ಪ್ರತಿ ಮೆಟ್ಟಿಲ ಎತ್ತರ ಅಳೆಯಿರಿ. ಮೆಟ್ಟಿಲಿಗೆ ಕಾಂಕ್ರೀಟ್ ಮೊದಲೇ ಹಾಕಿರುತ್ತಾರೆ, ನೆಲಕ್ಕೆ ಟೈಲ್ಸೋ ಗ್ರಾನೈಟೋ ಆಮೇಲೆ ಬರುತ್ತದೆ, ಆ ದಪ್ಪವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮೊದಲನೆಯದೋ ಕೊನೆಯದೋ ಮೆಟ್ಟಿಲು ಉಳಿದವಕ್ಕಿಂತ ಗಿಡ್ಡ ಅಥವಾ ಎತ್ತರ ಆಗಿಬಿಡುತ್ತದೆ. ನಾಲ್ಕು ಮೆಟ್ಟಿಲು ಇಳಿಯುವಷ್ಟರಲ್ಲಿ ಕಾಲು ಒಂದು ಅಳತೆಗೆ ಒಗ್ಗಿರುತ್ತದೆ, ಆಮೇಲೆ ಯಾರೂ ಕೆಳಗೆ ನೋಡುವುದಿಲ್ಲ ಅಲ್ವಾ? ಅರ್ಧ ಇಂಚು ವ್ಯತ್ಯಾಸ ಸಾಕು, ಎಡವುತ್ತಾರೆ. 2016ರ ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಮನೆಯ ಮೆಟ್ಟಿಲು 190 ಮಿ.ಮೀ.ಗಿಂತ ಎತ್ತರ ಇರಬಾರದು, ಕಾಲಿಡುವ ಜಾಗ 250 ಮಿ.ಮೀ.ಗಿಂತ ಕಡಿಮೆ ಇರಬಾರದು. 20-30 ಅಡಿಯ ಸೈಟಲ್ಲಿ ಜಾಗ ಉಳಿಸಲು ಎಷ್ಟೋ ಜನ ಇದನ್ನು ಮೀರುತ್ತಾರೆ. ವ್ಯತ್ಯಾಸ ಇದ್ದರೆ ಮೇಸ್ತ್ರಿಯನ್ನು ಕರೆಸಿ ಸರಿ ಮಾಡಿಸಿ. ಆಗದಿದ್ದರೆ ಆ ಮೆಟ್ಟಿಲ ಅಂಚಿಗೆ ಎದ್ದು ಕಾಣುವ ಹಳದಿ ಪಟ್ಟಿ ಬಳಿಸಿ.

ಪಕ್ಕದಲ್ಲಿ ಬರೀ ಗಿಡ್ಡ ಗೋಡೆ ಇದೆ ಅಂದಿರಿ. ಗೋಡೆ ಮೇಲೆ ಕೈ ಇಡಬಹುದು, ಬೀಳುವ ಹೊತ್ತಿಗೆ ಅದನ್ನು ಹಿಡಿಯಲು ಆಗುವುದಿಲ್ಲ. ಬೆರಳು ಪೂರ್ತಿ ಸುತ್ತಿಕೊಳ್ಳುವಂಥ ಒಂದೂವರೆ ಇಂಚಿನ ಪೈಪ್ ಎರಡೂ ಕಡೆ ಹಾಕಿಸಿ, ಗೋಡೆಯಿಂದ ಎರಡು ಇಂಚು ಬಿಟ್ಟು. ಕೊನೆಯ ಮೆಟ್ಟಿಲಿಗೇ ನಿಲ್ಲಿಸದೆ ಒಂದಡಿ ಮುಂದಕ್ಕೆ ತನ್ನಿ. ದುಡ್ಡು ಒಂದೇ ಕೆಲಸಕ್ಕೆ ಸಾಲುವುದಾದರೆ ಇದಕ್ಕೇ ಹಾಕಿ. ಆದರೆ ಎರಡೂ ಕೈಯಲ್ಲಿ ಬಟ್ಟೆ ರಾಶಿ ಹೊತ್ತು ಇಳಿದರೆ ಪೈಪ್ ಇದ್ದೂ ಉಪಯೋಗವಿಲ್ಲ, ಕಾಲೂ ಕಾಣುವುದಿಲ್ಲ. ದಯವಿಟ್ಟು ಬಟ್ಟೆ ನೀವೇ ತನ್ನಿ.

ಹೊರಗಿನ ಮೆಟ್ಟಿಲಾದರೆ ಮಳೆ, ಬಿಸಿಲಿಗೆ ಟೇಪ್ ಎದ್ದು ಬರುತ್ತದೆ, ಎದ್ದ ತುದಿಗೇ ಕಾಲು ಸಿಕ್ಕಿಕೊಳ್ಳುತ್ತದೆ. ಅದರ ಬದಲು ಗ್ರಾನೈಟ್ ಕೆಲಸದವರಿಂದ ಅಂಚಲ್ಲಿ ಮೂರು ಗೆರೆ ಕೊರೆಸಿ. ಲೈಟಿಗೆ ಮೇಲೊಂದು ಕೆಳಗೊಂದು ಟೂ ವೇ ಸ್ವಿಚ್ ಇರಲಿ.

ಇನ್ನೊಂದು, ಅಮ್ಮ ಬೈಫೋಕಲ್ ಕನ್ನಡಕ, ಅಂದರೆ ಮೇಲರ್ಧ ದೂರಕ್ಕೆ ಕೆಳಗಿನ ಭಾಗ ಓದಲಿಕ್ಕೆ ಇರುವಂಥದ್ದು, ಹಾಕುತ್ತಾರಾ? ಓದುವ ಭಾಗದಿಂದ ಕೆಳಗೆ ನೋಡಿದರೆ ಮೆಟ್ಟಿಲ ಅಂಚು ಮಸುಕಾಗುತ್ತದೆ. ಬಿದ್ದಾಗ ಕಾಲು ಜಾರಿತಾ, ತಲೆ ಸುತ್ತಿತಾ ಅಂತಲೂ ಕೇಳಿ. ತಲೆ ಸುತ್ತಿದ್ದರೆ ಅವರು ತಗೊಳ್ಳುವ ಮಾತ್ರೆಗಳನ್ನೆಲ್ಲ ಡಾಕ್ಟರಿಗೆ ತೋರಿಸಿ, ಬಿಪಿ ಮಾತ್ರೆಯಿಂದಲೂ ಹಾಗಾಗಬಹುದು. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.