ಓದುಗರ ಪ್ರಶ್ನೆ: ಕ್ಯೂಬಾದ ರುಂಬಾ ಮತ್ತು ಸೋನ್

ಪ್ರಶ್ನೆ: ನಮ್ಮ ಡೊಳ್ಳು ಕುಣಿತದ ತಂಡದ ಹುಡುಗರು ಕ್ಯೂಬಾದ ರುಂಬಾವನ್ನು ಕಂಡು ಬೆರಗಾಗಿದ್ದಾರೆ. ಅದರ ತಾಳಕ್ಕೆ ಆಧಾರವೇನು? ಸೋನ್ ಎಂಬುದು ಬೇರೆಯೇ?
– ಓದುಗರೊಬ್ಬರು, ಸಾಗರ

ಉತ್ತರ: ರುಂಬಾ 19ನೆಯ ಶತಮಾನದಲ್ಲಿ ಹವಾನಾ ಮತ್ತು ಮತಾಂಜಾಸ್ ನಗರಗಳ ಬಡವರ ಕೇರಿಗಳಲ್ಲಿ, ಗುಲಾಮರನ್ನಾಗಿ ಹೊತ್ತು ತಂದ ಆಫ್ರಿಕನ್ನರ ಸಂತತಿಯವರ ನಡುವೆ ಬೆಳೆದ ಕಲೆ, ಸರಕು ತುಂಬುವ ಮರದ ಪೆಟ್ಟಿಗೆಗಳೇ ಅವರಿಗೆ ವಾದ್ಯಗಳಾದವು. ಅದರ ಜೀವಾಳವೆಂದರೆ ಕ್ಲಾವೆ, ಅಂದರೆ ಎರಡು ಗಟ್ಟಿ ಕೋಲುಗಳನ್ನು ತಾಡಿಸಿ ನುಡಿಸುವ ಐದು ಪೆಟ್ಟುಗಳ ಆವರ್ತ. ಹಾಡುಗಾರ, ವಾದಕ, ಕುಣಿಯುವವರು ಎಲ್ಲರೂ ಅದಕ್ಕೆ ಬದ್ಧರು. ರುಂಬಾದಲ್ಲಿ ಮುಖ್ಯವಾಗಿ ಮೂರು ಬಗೆ: ಯಾಂಬು ನಿಧಾನಗತಿಯದು, ಗುವಾಗುವಾಂಕೊ ಗಂಡುಹೆಣ್ಣಿನ ಸರಸದ ಜೋಡಿ ಕುಣಿತ, ಕೊಲಂಬಿಯಾ ಸಾಂಪ್ರದಾಯಿಕವಾಗಿ ಗಂಡಸೊಬ್ಬನ ವೇಗದ ಕುಣಿತವಾಗಿದ್ದು, ನರ್ತಕನೂ ಮುಖ್ಯ ವಾದಕನೂ ಪರಸ್ಪರ ಸವಾಲೊಡ್ಡುವ ಆ ಸಂವಾದವನ್ನು ಡೊಳ್ಳು ಬಲ್ಲ ನಿಮ್ಮ ಹುಡುಗರು ಖಂಡಿತ ಮೆಚ್ಚುವರು. ಯುನೆಸ್ಕೊ 2016ರಲ್ಲಿ ರುಂಬಾವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಅತ್ಯಂತ ಯೋಗ್ಯವಾದ ಗೌರವ.

ಸೋನ್ ಬೇರೆಯೇ ಆದ ಸಂಗೀತ-ನೃತ್ಯ ಪ್ರಕಾರ, ಕ್ಯೂಬಾ ದ್ವೀಪದ ಪೂರ್ವ ಭಾಗದ್ದು. ಸ್ಪೇನಿನ ತಂತಿವಾದ್ಯ ಪರಂಪರೆಯಿಂದ ಬಂದ, ಮೂರು ಜೋಡಿ ತಂತಿಗಳ ‘ತ್ರೆಸ್’ ಮತ್ತು ಆಫ್ರಿಕನ್ ಮೂಲದ ಲಯ ಅದರಲ್ಲಿ ಒಂದಾಗಿವೆ; ಮುಂದೆ ನ್ಯೂಯಾರ್ಕ್‌ನಲ್ಲಿ ರೂಪುಗೊಂಡ ಸಾಲ್ಸಾ ಎಂಬ ಸಂಗೀತ-ನೃತ್ಯಕ್ಕೆ ಇದೇ ಮುಖ್ಯ ತಳಹದಿ. ನಿಮ್ಮ ತಂಡದವರು ಮೊದಲು ಕ್ಲಾವೆಯನ್ನು ಕೈಚಪ್ಪಾಳೆಯಲ್ಲಿ ರೂಢಿಸಿಕೊಂಡು, ಅನಂತರ ಹೆಜ್ಜೆಗಳಿಗೆ ತೊಡಗುವುದು ಉತ್ತಮ.