ಗುಜರಿಗೆ ಹೋಗಬೇಕಿದ್ದ ಕಂಪ್ಯೂಟರ್ ಸಾಮಾನಿನಲ್ಲಿ ನಿಮಗೆ ಸಿಕ್ಕ ಅತ್ಯಂತ ಒಳ್ಳೆಯ ವಸ್ತು ಯಾವುದು?

ಉಡುಪಿಯಲ್ಲಿ ಓದುತ್ತಿದ್ದೇನೆ, ಹೊಸದು ಕೊಳ್ಳಲು ದುಡ್ಡಿಲ್ಲ, ಜನ ಬೇಡವೆಂದು ಬಿಡುವ ಹಳೇ ಕಂಪ್ಯೂಟರಿನಲ್ಲಿ ನಿಜಕ್ಕೂ ಏನಾದರೂ ಸಿಗುತ್ತದಾ ಎಂದು ಕೇಳಿದ್ದೀರಿ. ಸಿಗುತ್ತದೆ. ಈ ಉತ್ತರವನ್ನು ಅಂಥದ್ದೇ ಒಂದು ಕೀಬೋರ್ಡಿನಲ್ಲಿ ಬರೆಯುತ್ತಿದ್ದೇನೆ.

ಮಂಗಳೂರು ರಥಬೀದಿಯ ಹತ್ತಿರ ಒಂದು ಸಣ್ಣ ಪ್ರೆಸ್ಸಿನಲ್ಲಿ ನನ್ನದು ಡಿಟಿಪಿ ಕೆಲಸ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಮಾಡುವುದು. ಎರಡು ವರ್ಷದ ಹಿಂದೆ ಸೆಪ್ಟೆಂಬರಿನಲ್ಲಿ, ಕದ್ರಿಯ ಒಂದು ಮನೆಗೆ ವರ್ಷಾಂತಿಕದ ಕಾರ್ಡಿನ ಪ್ರೂಫ್ ತೋರಿಸಲು ಹೋಗಿದ್ದೆ. ತೀರಿಕೊಂಡವರು ನಿವೃತ್ತ ಶಾಲಾ ಮಾಸ್ತರರು. ಮಗಳು ಪುಣೆಯಿಂದ ಬಂದು ಮನೆ ಖಾಲಿ ಮಾಡುತ್ತಿದ್ದರು. ಜಗಲಿಯಲ್ಲಿ ಗುಜರಿಯವನಿಗಾಗಿ ಕಟ್ಟಿಟ್ಟ ಪೇಪರಿನ ಕಟ್ಟುಗಳ ಪಕ್ಕ ಒಂದು ಸಿಪಿಯು, ಅದರ ಮೇಲೆ ಟಿವಿಎಸ್ ಗೋಲ್ಡ್ ಕೀಬೋರ್ಡ್.

ಡಿಟಿಪಿಯವರಿಗೆ ಈ ಕೀಬೋರ್ಡಿನ ಬೆಲೆ ಗೊತ್ತು. ಒಂದೊಂದು ಕೀಯ ಕೆಳಗೂ ಬೇರೆ ಬೇರೆ ಸ್ವಿಚ್ಚು, ಒತ್ತಿದರೆ ಟಕ್ ಎನ್ನುವ ಗಟ್ಟಿ ಶಬ್ದ. ವರ್ಷಗಟ್ಟಲೆ ಬಡಿದರೂ ಸೋಲುವುದಿಲ್ಲ. ಕೈಗೆತ್ತಿಕೊಂಡು ನೋಡಿದೆ. ಉಳಿದ ಅಕ್ಷರಗಳು ಓದುವಷ್ಟು ಇದ್ದವು, ಎಫ್ ಮತ್ತು ಎ ಮಾತ್ರ ಪೂರ್ತಿ ಸವೆದುಹೋಗಿದ್ದವು. "ಅಪ್ಪ ಕನ್ನಡ ಟೈಪ್ ಮಾಡ್ತಾ ಇದ್ರಾ?" ಎಂದು ಕೇಳಿದೆ. ಅವರಿಗೆ ಆಶ್ಚರ್ಯ. ಇಂಗ್ಲಿಷಿನಲ್ಲಿ ಎಫ್ ಅಷ್ಟೇನೂ ಬೇಕಾಗುವ ಅಕ್ಷರವಲ್ಲ. 'ನುಡಿ' ಎಂಬ ಕನ್ನಡ ತಂತ್ರಾಂಶದ ಕೀಲಿಮಣೆಯಲ್ಲಿ ಮಾತ್ರ ಒತ್ತಕ್ಷರ ಬೇಕೆಂದಾಗಲೆಲ್ಲ ಎಫ್ ಒತ್ತಬೇಕು, ಕಾ, ಮಾ ಎಂಬಲ್ಲಿನ 'ಆ' ದೀರ್ಘ ಬೇಕೆಂದಾಗಲೆಲ್ಲ ಶಿಫ್ಟ್ ಹಿಡಿದು ಎ. ಈ ವಿನ್ಯಾಸ ನಮ್ಮೂರಿನವರೇ ಆದ ಕಿನ್ನಿಕಂಬಳ ಪದ್ಮನಾಭ ರಾಯರದು, ಸರಕಾರವೂ ಅದನ್ನೇ ಒಪ್ಪಿಕೊಂಡಿದೆ. ನನ್ನ ಬೆರಳುಗಳೂ ಇಷ್ಟು ವರ್ಷ ಓಡಾಡಿದ್ದು ಅದೇ ದಾರಿಯಲ್ಲಿ. ಆ ಎರಡು ಕೀಗಳನ್ನು ನೋಡಿದಾಗ ಪರಿಚಯದವರೊಬ್ಬರು ಸಿಕ್ಕಿದ ಹಾಗಾಯಿತು.

"ಕಂಪ್ಯೂಟರ್ ಡೆಡ್ ಮಾರಾಯ್ರೆ. ಮದರ್‌ಬೋರ್ಡ್ ಹೋಗಿದೆ ಅಂದಿದ್ದಾರೆ ರಿಪೇರಿಯವರು. ಬೇಕಾದ್ರೆ ಎರಡನ್ನೂ ತೆಕ್ಕೊಂಡು ಹೋಗಿ" ಎಂದರು. ರಿಕ್ಷಾದಲ್ಲಿ ತಂದೆ.

ಮನೆಯಲ್ಲಿ ಹಾಕಿದರೆ ಫ್ಯಾನ್ ತಿರುಗುತ್ತದೆ, ನೋ ಡಿಸ್ಪ್ಲೇ. ಇದನ್ನು ನೀವು ಗಮನವಿಟ್ಟು ಓದಿ, ನಮ್ಮ ಕರಾವಳಿಯಲ್ಲಿ 'ಡೆಡ್' ಎನಿಸಿಕೊಂಡ ಎಷ್ಟೋ ಕಂಪ್ಯೂಟರುಗಳ ಕಥೆ ಇಷ್ಟೇ. ದಿನಾ ಓಡುವ ಯಂತ್ರ ತನ್ನ ಬಿಸಿಯಲ್ಲೇ ಒಣಗಿರುತ್ತದೆ. ಯಜಮಾನ ಹೋದ ಮೇಲೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮುಚ್ಚಿದ ಕೋಣೆಯಲ್ಲಿ ಸುಮ್ಮನೆ ಕೂತ ಯಂತ್ರಕ್ಕೆ ಆ ಬಿಸಿ ಇಲ್ಲ. ರ‍್ಯಾಮಿನ (ಕೆಲಸ ಮಾಡುವಾಗಿನ ನೆನಪಿನ ಪಟ್ಟಿ) ಅಂಚಿನಲ್ಲಿರುವ ಚಿನ್ನದ ಲೇಪ ಬಹಳ ತೆಳು. ಸಮುದ್ರದ ಗಾಳಿಯ ಉಪ್ಪುತೇವ ಅದರೊಳಗೆ ಇಳಿದರೆ ಅಡಿಯ ತಾಮ್ರ ಹಸಿರುಗಟ್ಟುತ್ತದೆ, ಸಂಪರ್ಕ ತಪ್ಪುತ್ತದೆ. ವಯರ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿದು, ರ‍್ಯಾಮ್ ತೆಗೆದು, ಶಾಲೆಯ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಎರಡೂ ಬದಿ ಮೆಲ್ಲಗೆ ಉಜ್ಜಿದೆ. ಬ್ರಷ್ಷಿನಿಂದ ಸ್ಲಾಟ್ ಗುಡಿಸಿದೆ. ಮದರ್‌ಬೋರ್ಡಿನ ಸಿಆರ್2032 ಬಿಲ್ಲೆ ಸೆಲ್ ಹೊಸದು ಹಾಕಿದೆ. ಸ್ಕ್ರೀನ್ ಬಂತು. ಒಟ್ಟು ಖರ್ಚು ಸೆಲ್ಲಿನದ್ದು ಮಾತ್ರ.

ಒಳಗೆ ಇಂಟೆಲ್ ಐ5-3470 ಇತ್ತು. 2012ರ ಪ್ರೊಸೆಸರ್, ನಾಲ್ಕು ಕೋರ್, 3.2 ಗಿಗಾಹರ್ಟ್ಸ್. ವಿಂಡೋಸ್ 11 ಇದನ್ನು ಒಪ್ಪುವುದಿಲ್ಲ, ಅದಕ್ಕೆ ಇಂಟೆಲ್‌ನದಾದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದ್ದಾದರೂ ಬೇಕು. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿ, ಒಂದು ಎಸ್‌ಎಸ್‌ಡಿ (ವೇಗದ ಡಿಸ್ಕ್) ಸಿಕ್ಕಿಸಿ, ರ‍್ಯಾಮ್ 8 ಜಿಬಿ ಮಾಡಿದೆ. ಈಗ ಅಣ್ಣನ ಮಗ ಅದರಲ್ಲೇ ಪ್ರೋಗ್ರಾಮಿಂಗ್ ಕಲಿಯುತ್ತಿದ್ದಾನೆ.

ಹಾರ್ಡ್ ಡಿಸ್ಕನ್ನು ಮಾತ್ರ ಅಳಿಸಲು ಮನಸ್ಸು ಬರಲಿಲ್ಲ. ಹಾಗೆಂದು ಬೇರೆಯವರ ಮನೆಯ ಕಪಾಟು ತೆರೆದು ನೋಡುವುದೂ ಸರಿಯಲ್ಲ. ಮಾಸ್ತರರ ಮಗಳಿಗೆ ಫೋನ್ ಮಾಡಿ ಕೇಳಿದೆ. ಫೋಟೋ ಇದ್ದರೆ ಕಳಿಸಿ, ಉಳಿದದ್ದನ್ನು ನೀವೇ ನೋಡಿ ಎಂದರು. ಡಿಸ್ಕ್ ಅಲ್ಲಲ್ಲಿ ಓದಲು ತಡವರಿಸುತ್ತಿತ್ತು, ಹಾಗಾಗಿ ಮೊದಲು ಹಾಳಾಗುತ್ತಿರುವ ಡಿಸ್ಕಿನಿಂದ ನಕಲು ತೆಗೆಯುವ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಹಾಕಿ ಇಡೀ ಡಿಸ್ಕಿನ ಪ್ರತಿ ತೆಗೆದು, ಆ ಪ್ರತಿಯನ್ನೇ ತೆರೆದೆ. ಒಂದು ರಾತ್ರಿ ಪೂರ್ತಿ ಹಿಡಿಯಿತು.

ಫೋಟೋಗಳು ಹೆಚ್ಚಿರಲಿಲ್ಲ. ಒಂದು ಫೋಲ್ಡರಿನಲ್ಲಿ 64 ವರ್ಡ್ ಫೈಲುಗಳಿದ್ದವು. ತೆರೆದರೆ ಓದಲಾಗದ ಇಂಗ್ಲಿಷ್ ಅಕ್ಷರಗಳ ರಾಶಿ. ಬೇರೆಯವರಾದರೆ ಫೈಲ್ ಹಾಳಾಗಿದೆ ಎನ್ನುತ್ತಿದ್ದರು. ಹಾಳಾಗಿರಲಿಲ್ಲ, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಬಳಕೆಗೆ ಬರುವ ಮೊದಲಿನ ಕನ್ನಡ ಅದು. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದಿದ್ದರೆ ಅಡಿಯ ಇಂಗ್ಲಿಷೇ ಕಾಣುತ್ತದೆ. ಪ್ರೆಸ್ಸಿನಲ್ಲಿ ಹಳೇ ನುಡಿ ಫಾಂಟ್ ಇತ್ತು, ಹಾಕಿದೆ. ತುಳು ಕಬಿತಗಳು! ನೇಜಿ ನೆಡುವಾಗ ಹೆಂಗಸರು ಹಾಡುವ ಹಾಡುಗಳು, ಹೇಳಿದವರ ಹೆಸರು, ಊರು, ಕೇಳಿ ಬರೆದುಕೊಂಡ ತಾರೀಕಿನ ಸಮೇತ. ನನ್ನ ಅಜ್ಜಿ ಗದ್ದೆಗೆ ಇಳಿದವರು. ಒಂದೆರಡು ಸಾಲು ನನಗೂ ಕೇಳಿದ ನೆನಪಿತ್ತು. ಆ ರಾತ್ರಿ ಊಟಕ್ಕೆ ಏಳಲಿಲ್ಲ.

ಫಾಂಟ್ ಬದಲಿಸುವ ತಂತ್ರಾಂಶದಲ್ಲಿ ಹಾಕಿ ಯೂನಿಕೋಡಿಗೆ ತಂದೆ. ಅರ್ಕಾವತ್ತು ಕೆಲವು ಕಡೆ ತಪ್ಪು ಅಕ್ಷರಕ್ಕೆ ಅಂಟಿಕೊಂಡಿತ್ತು. ಆದಿತ್ಯವಾರಗಳಲ್ಲಿ ಕೂತು, ಬಾಯಲ್ಲಿ ಹೇಳಿಕೊಂಡು, ಒಂದೊಂದೇ ಸಾಲು ಸರಿಪಡಿಸಿದೆ. ಎರಡೂವರೆ ತಿಂಗಳಾಯಿತು. ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ, ಕೀಬೋರ್ಡನ್ನೂ ಪ್ಯಾಕ್ ಮಾಡಿ ಕಳಿಸುತ್ತೇನೆ ಎಂದು ಹೇಳಿದರೆ, "ಕೀಬೋರ್ಡ್ ನಿಮ್ಮಲ್ಲೇ ಇರಲಿ, ಆ ಎರಡು ಕೀ ಮಾತ್ರ ಬದಲಿಸಬೇಡಿ" ಎಂದರು. ಬದಲಿಸಿಲ್ಲ. ಅದರದ್ದು ಹಳೇ ದುಂಡು ಪಿನ್ನು, ಯುಎಸ್‌ಬಿಗೆ ಹಾಕಲು ಒಳಗೆ ಚಿಪ್ ಇರುವ ಪರಿವರ್ತಕವೇ ಬೇಕು. ಬರೀ ಆಕಾರ ಬದಲಿಸುವ ಅಗ್ಗದ್ದರಲ್ಲಿ ನನ್ನದು ಕೆಲಸ ಮಾಡಲಿಲ್ಲ.

ಇನ್ನು ನಿಮಗೆ ಬೇಕಾದ್ದು. ಆಫೀಸು, ಕಾಲೇಜುಗಳಲ್ಲಿ ಕೇಳಿ ಬೇಸರ ಮಾಡಿಕೊಳ್ಳಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಂತೆ ಅಂಥ ದೊಡ್ಡ ಬಳಕೆದಾರರು ತ್ಯಾಜ್ಯವಾದ ಕಂಪ್ಯೂಟರುಗಳನ್ನು ನೋಂದಾಯಿತ ಸಂಸ್ಥೆಗಳಿಗೇ ಒಪ್ಪಿಸಬೇಕು. ಮನೆಗಳಲ್ಲಿ ಕೇಳಿ. ಫ್ಲ್ಯಾಟಿನ ವಾಚ್‌ಮನ್‌ಗೆ, ಗುಜರಿಯವರಿಗೆ ನಿಮ್ಮ ನಂಬರ್ ಕೊಟ್ಟಿಡಿ. ಮಣಿಪಾಲದಲ್ಲಿ ಹುಡುಗರು ಕೋರ್ಸ್ ಮುಗಿಸಿ ರೂಮ್ ಬಿಡುವ ಹೊತ್ತಿಗೆ ಒಂದು ಸುತ್ತು ಹೋಗಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಚೆನ್ನಾಗಿರುವ ಎಷ್ಟೋ ಯಂತ್ರಗಳು ಮೂಲೆ ಸೇರಿವೆ. ಸಿಡಿಲು ಬಡಿದದ್ದು ಎಂದರೆ ಬಿಟ್ಟುಬಿಡಿ, ಬೋರ್ಡೇ ಹೋಗಿರುವುದು ಹೆಚ್ಚು. ಎಸ್‌ಎಂಪಿಎಸ್ (ಒಳಗೆ ಕರೆಂಟ್ ಒದಗಿಸುವ) ಡಬ್ಬವನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ವಯರ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು. ಬ್ಯಾಗಿನಲ್ಲಿ ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಪೆನ್ಸಿಲ್ ರಬ್ಬರ್ ಇಟ್ಟುಕೊಳ್ಳಿ. ಹಾರ್ಡ್ ಡಿಸ್ಕ್ ಅಳಿಸುವ ಮೊದಲು ಕೊಟ್ಟವರಿಗೆ ಒಂದು ಫೋನ್ ಮಾಡಿ.